ಟಾವೆಲ್ ಕೆಳಗಿನ ದರ

ಮೋರಟಗಿಯ ಯಾಕೂಬಸಾಬ ಎತ್ತಿನ ದಲಾಲಿ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ದನದ ಸಂತೆಗೆ ಹೋದರೂ ಅವನ ಕೈ ಹಿಡಿಯದ ರೈತ ಸಿಗುವುದು ಕಷ್ಟ. ಕೈ ಹಿಡಿಯುವುದು ಪ್ರೀತಿಗಲ್ಲ, ದರಕ್ಕೆ. ಎತ್ತಿನ ದರವನ್ನು ಬಾಯಿಬಿಟ್ಟು ಹೇಳುವ ರೂಢಿ ಆ ಸಂತೆಗಳಲ್ಲಿ ಇಲ್ಲ. ದಲಾಲಿ ಹೆಗಲ ಮೇಲಿನ ಟಾವೆಲ್ ತೆಗೆದು ಕೈಗಳ ಮೇಲೆ ಹಾಕುತ್ತಾನೆ, ಅದರ ಕೆಳಗೆ ಬೆರಳು ಬೆರಳನ್ನು ಹಿಡಿಯುತ್ತದೆ. ಒಂದು ಹಿಡಿದರೆ ಒಂದು, ಪಂಜಾ ಹಿಡಿದರೆ ಐದು, ತುದಿ ಚಿವುಟಿದರೆ ಅರ್ಧ. ಸುತ್ತ ಊರೆಲ್ಲ ನಿಂತು ನೋಡುತ್ತಿರುತ್ತದೆ. ಕಾಣುವುದು ಟಾವೆಲ್ ಅಲುಗಾಡುವುದಷ್ಟೇ. ಕೊಂಡವನ ಹೆಂಡತಿಗೂ ಮಾರಿದವನ ಅಣ್ಣತಮ್ಮಂದಿರಿಗೂ ದರ ತಿಳಿಯಬಾರದು. ತಿಳಿದರೆ ಒಂದೋ ವ್ಯಾಪಾರ ಮುರಿಯುತ್ತದೆ, ಇಲ್ಲವೇ ಮನೆ ಮುರಿಯುತ್ತದೆ.

ಯಾಕೂಬಸಾಬನಿಗೆ ಅವನ ಅಪ್ಪ ಕಲಿಸಿದ್ದೂ ಇದೊಂದೇ ವಿದ್ಯೆ. 'ದರ ಬಾಯಿಗೆ ಬಂತಂದ್ರ ದಲಾಲಿ ಸತ್ತಂಗ' ಅನ್ನುತ್ತಿದ್ದ. ಮಗ ಆ ಮಾತನ್ನು ಎಷ್ಟು ಗಟ್ಟಿ ಹಿಡಿದಿದ್ದನೆಂದರೆ ಬಾಳೆಹಣ್ಣು ಕೊಳ್ಳುವಾಗಲೂ ಗಾಡಿಯವನ ಮುಂದೆ ಕೈ ಚಾಚಿ ನಿಲ್ಲುತ್ತಿದ್ದ. ಭಿಕ್ಷೆ ಬೇಡಲು ಬಂದಿದ್ದಾನೆಂದು ಒಬ್ಬ ಒಂದು ಹಣ್ಣು ಕೊಟ್ಟು ಕಳಿಸಿದ್ದೂ ಉಂಟು.

ಹೀಗಿರುವಾಗ ದನಗಳಿಗೆ ಗಂಟು ರೋಗ ಬಂತು. ಸಂತೆಗಳೆಲ್ಲ ಬಂದ್ ಆದವು. ದನದ ಡಾಕ್ಟರರ ಚೀಟಿ ಇದ್ದವರು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಕೊಂಡು ಮಾರಬಹುದು, ಬಯಲಿನಲ್ಲಿ ಮಾತ್ರ ಗುಂಪು ಕಟ್ಟುವಂತಿಲ್ಲ. ಯಾಕೂಬಸಾಬ ಟಾವೆಲ್ ಹೊದ್ದು ಮನೆ ಕಟ್ಟೆಯ ಮೇಲೆ ಕೂತ. ಅತ್ತ ಸಿಂದಗಿಯಲ್ಲಿ ಚೇತನಕುಮಾರ ಎಂಬ ಹುಡುಗ ದಲಾಲಿ ಫೋನಿನಲ್ಲೇ ಒಂದು ಗುಂಪು ಕಟ್ಟಿ, ಎತ್ತಿನ ಫೋಟೊದ ಮೇಲೆ ಕೆಂಪು ಅಕ್ಷರದಲ್ಲಿ ದರ ಬರೆದು, ಕೂತಲ್ಲೇ ಜೋಡಿ ಜೋಡಿ ಮಾರತೊಡಗಿದ.

"ಎತ್ತಿನ ಹಣಿ ಮ್ಯಾಲ ದರ ಬರ್ದಾನ. ನಾಳೆ ತನ್ನ ಹಣಿ ಮ್ಯಾಲೂ ಬರ್ಕೋತಾನ. ಯಾರೂ ಕೊಳ್ಳೂದಿಲ್ಲ ಅಷ್ಟ" ಎಂದು ಯಾಕೂಬಸಾಬ ಉಗುಳಿದ.

"ಕೊಳ್ಳಾಕತ್ತಾರಲ್ಲ ಮತ್ತ" ಅಂದಳು ಹೆಂಡತಿ ಸುಗ್ರಾ. "ನಿಮ್ಮ ಕೈ ಹಿಡಿಯೋರು ಈಗ ನಾ ಒಬ್ಬಾಕಿನ ಉಳದೇನಿ. ನನಗ ಎತ್ತು ಬ್ಯಾಡ."

ಮಗ ಮಂಜೂರ ಸಿಂದಗಿಯಿಂದ ಹೊಸ ಫೋನು ತಂದುಕೊಟ್ಟ. ಹಿಂದಿನ ಗುಂಡಿ ಫೋನು ಬಿದ್ದರೆ ನೆಲಕ್ಕೆ ಪೆಟ್ಟಾಗುತ್ತಿತ್ತು. ಇದು ಹಾಗಲ್ಲ, ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿಯಬೇಕು. ಸೊಸೆ ಸಿದ್ದೀಕಾ ಕಲಿಸಲು ಕೂತಳು. ಮೊದಲು ಬೆರಳಚ್ಚು. ಅವಳು ಹೇಳಿದ ಹಾಗೆ ಹೆಬ್ಬೆರಳು ಒತ್ತಿದ, ತೋರುಬೆರಳು ಒತ್ತಿದ, ಉಳಿದವನ್ನೂ ಸಾಲಾಗಿ ಒತ್ತಿದ. ಫೋನು ಒಂದನ್ನೂ ಒಪ್ಪಲಿಲ್ಲ. ವರ್ಷಗಟ್ಟಲೆ ಹಗ್ಗ ಜಗ್ಗಿ, ಕಂಡವರ ಬೆರಳು ತಿಕ್ಕಿ, ಅವನ ಬೆರಳಿನ ಗೆರೆಗಳು ನುಣುಪಾಗಿ ಹೋಗಿದ್ದವು.

"ಮಾವಾರ, ಇದರಾಗ ಏನೂ ಇಲ್ಲ ಅನ್ನಾಕತ್ತೇತಿ" ಅಂದಳು ಸಿದ್ದೀಕಾ.

"ನಾಕು ತಾಲೂಕಿಗೆ ಗೊತ್ತಿರೂ ಬೆರಳು, ಈ ಡಬ್ಬಿಗೆ ಗೊತ್ತಿಲ್ಲೇನು?"

ಕಡೆಗೆ ಚುಕ್ಕಿ ಕೂಡಿಸುವ ಬೀಗ ಹಾಕಿಕೊಟ್ಟಳು. ಯಾಕೂಬಸಾಬ ನೊಗದ ಆಕಾರ ಎಳೆದ. ಚಲೋ ಆಯಿತು. ಆದರೆ ಬೀಗದ ಗುಟ್ಟು ಯಾರಿಗೂ ಕಾಣಬಾರದು ಎಂದು ಅವಳು ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಅವನು ಫೋನು ತೆರೆಯುವಾಗೆಲ್ಲ ಮೇಲೆ ಟಾವೆಲ್ ಹಾಕಿ, ಕೆಳಗೆ ಕೈ ತೂರಿಸಿ, ಆಕಾಶ ನೋಡುತ್ತ ನೊಗ ಎಳೆಯತೊಡಗಿದ. ಮೂರು ಸಲ ತಪ್ಪಿದರೆ ಫೋನು ಮುನಿಸಿಕೊಂಡು ಅರ್ಧ ನಿಮಿಷ ಬಾಗಿಲು ಹಾಕುತ್ತಿತ್ತು. ಆ ಅರ್ಧ ನಿಮಿಷದಲ್ಲಿ ಮಂಜೂರನಿಂದ ಹಿಡಿದು ಫೋನು ಕಂಡುಹಿಡಿದವನವರೆಗೆ ಎಲ್ಲರಿಗೂ ಬೈಗುಳ ಸಲ್ಲುತ್ತಿದ್ದವು.

ಸುಖವೂ ಇತ್ತು, ಇಲ್ಲವೆನ್ನಲಾಗದು. ಫೋಟೊ ತೆಗೆಯುವುದು ಒಂದೇ ದಿನಕ್ಕೆ ಬಂತು. ಸಿಕ್ಕ ಎತ್ತಿನ ಬಾಯಿ ಅಗಲಿಸಿ ಹಲ್ಲಿನ ಫೋಟೊ ತೆಗೆದ. ಎತ್ತಿನ ವಯಸ್ಸು ಹಲ್ಲಿನಲ್ಲಿ ಇರುವುದರಿಂದ ಅವನಿಗೆ ಉಳಿದ ಎತ್ತು ಮುಖ್ಯವಲ್ಲ. ಫೋನಿನ ತುಂಬ ಹಲ್ಲು.

"ನನ್ನದೊಂದು ಫೋಟೊ ಇಲ್ಲ ಇದರಾಗ" ಅಂದಳು ಸುಗ್ರಾ.

"ಬಾಯಿ ತಗಿ, ಹೊಡೀತೇನಿ."

ಅವಳು ತೆರೆದ ಬಾಯಿಂದ ಬಂದದ್ದು ಬೇರೆ.

ಒಂದು ಮಧ್ಯಾಹ್ನ ಫೋನು ಕುಣಿಯಿತು. ಗೊಳಸಂಗಿಯ ಬಸಂತರಾಯ. ಅವನ ಅಜ್ಜ ಯಾಕೂಬಸಾಬನ ಅಜ್ಜನ ಕೈ ಹಿಡಿದಿದ್ದ, ಅಪ್ಪ ಅಪ್ಪನ ಕೈ ಹಿಡಿದಿದ್ದ. ಆ ಮನೆಗೆ ಬೇರೆ ದಲಾಲಿಯ ಎತ್ತು ಕಾಲಿಟ್ಟಿಲ್ಲ. ಬಸವನಬಾಗೇವಾಡಿ ಕಡೆಯ ಉಳಿದ ರೈತರು ಬಸಂತರಾಯ ಯಾರ ಹತ್ತಿರ ಕೊಂಡ ಎಂದು ನೋಡಿಯೇ ತಾವು ಎದ್ದು ಬರುವವರು. ಅವನೊಬ್ಬ ಹೋದರೆ ಹಿಂಡು ಹೋದಂತೆ.

"ಯಾಕೂಬಸಾಬ, ಬಿಳಿಜ್ವಾಳದ ಬಿತ್ತಿಗಿ ಬಂತಪಾ. ಜೋಡಿ ಬೇಕು. ಐತವಾರದೊಳಗ ಬೇಕು. ಇಲ್ಲಂದ್ರ ಆ ಚೇತನಕುಮಾರ ಹತ್ತು ಫೋಟೊ ಬಿಟ್ಟಾನ, ಅದರಾಗೊಂದು ಆರಸ್ತೇನಿ."

"ಫೋಟೊ ಹೊಲ ಹೊಡೀತಾವೇನ್ರಿ ಸಾವ್ಕಾರ? ಆಲಮೇಲದ ಭೀಮಶ್ಯಾನ ಹಂತೇಲಿ ಖಿಲಾರಿ ಜೋಡಿ ಐತಿ. ಆರು ಹಲ್ಲು. ನಡಿಗಿ ನೋಡಿದ್ರ ನೀವ ಹಿಂದ ಹಿಂದ ಹೊಕ್ಕೀರಿ."

ಮರುದಿನ ಬಸ್ಸು ಹಿಡಿದು ಆಲಮೇಲಕ್ಕೆ ಹೋಗಿ, ಭೀಮಶ್ಯಾನ ಕೊಟ್ಟಿಗೆಯ ಮುಂದೆ ಎತ್ತುಗಳನ್ನು ನಡೆಸಿ, ಕೂರಿಸಿ, ಎಬ್ಬಿಸಿ ಫೋಟೊ ತೆಗೆದು ಕಳಿಸಿದ. ಮೊದಲು ಹಲ್ಲು. ಬಸಂತರಾಯನ ಫೋನು ಬಂತು.

"ಈ ಹಲ್ಲಿಗೆ ಸುಣ್ಣ ಹಚ್ಚೀಯೇನು? ಎತ್ತಿಂದು ಇಷ್ಟು ಬೆಳ್ಳಗ ಇರ್ತಾವ?"

ಅದು ಫೋನಿನ ಕೆಲಸ. ಯಾರ ಫೋಟೊ ತೆಗೆದರೂ ಅದು ತನ್ನಷ್ಟಕ್ಕೆ ತಾನೇ ಚಂದ ಮಾಡುತ್ತಿತ್ತು. ಮುಖ ಸುಕ್ಕಾದ ಭೀಮಶ್ಯಾ ಅದರಲ್ಲಿ ಕನ್ಯೆ ನೋಡಲು ಹೊರಟವನಂತೆ ಕಾಣುತ್ತಿದ್ದ. ಆ ಫೋಟೊ ಮಾತ್ರ ತನಗೆ ಬೇಕೆಂದು ಭೀಮಶ್ಯಾ ಹಟ ಹಿಡಿದ.

ಎತ್ತು ಒಪ್ಪಿಗೆಯಾಯಿತು. ಉಳಿದದ್ದು ದರ. ಭೀಮಶ್ಯಾ ತನ್ನದನ್ನು ಅಲ್ಲೇ ಟಾವೆಲ್ ಕೆಳಗೆ ಯಾಕೂಬಸಾಬನ ಬೆರಳಿಗೆ ಹೇಳಿ ಕಳಿಸಿದ್ದ. ಅದನ್ನು ಗೊಳಸಂಗಿಗೆ ಮುಟ್ಟಿಸುವುದು ಹೇಗೆ?

ಬಸಂತರಾಯನ ಕಷ್ಟವೂ ಸಣ್ಣದಲ್ಲ. ಫೋನು ಅವನ ಹೆಸರಿನದು, ಇರುವುದು ಹೆಂಡತಿ ಸುಮಿತ್ರಾಬಾಯಿಯ ಕೈಯಲ್ಲಿ. ಅವನಿಗೆ ಕಿವಿ ಮಂದ. ಹಾಗಾಗಿ ಬಂದ ಕರೆಯೆಲ್ಲ ಸ್ಪೀಕರಿನಲ್ಲಿ ಓಣಿಗೆಲ್ಲ ಕೇಳುತ್ತದೆ. ಎತ್ತಿಗೆ ಇಷ್ಟರ ಮೇಲೆ ಒಂದು ಬೆರಳೂ ಏರಕೂಡದು ಎಂದು ಆಕೆ ಮೊದಲೇ ಗೆರೆ ಹಾಕಿದ್ದಳು. ಬಸಂತರಾಯನಿಗೆ ಎತ್ತು ಮೆಚ್ಚಿದರೆ ಗೆರೆ ಕಾಣುವುದಿಲ್ಲ.

ಅವನೇ ಒಂದು ಉಪಾಯ ಮಾಡಿ, ಹೆಂಡತಿ ಕಿರಾಣಿ ಅಂಗಡಿಗೆ ಹೋದಾಗ ಫೋನು ಎತ್ತಿಕೊಂಡು ಹೊಟ್ಟಿನ ಬಣವೆಯ ಹಿಂದೆ ಕೂತು ವಿಡಿಯೊ ಕರೆ ಮಾಡಿದ. ಯಾಕೂಬಸಾಬ ಕಟ್ಟೆಯ ಮೇಲಿದ್ದ. ಗೆಳೆಯನ ಮುಖ ಕಂಡದ್ದೇ ಅವನ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಕೆಂಪಂಚಿನ ಟಾವೆಲ್ ತೆಗೆದು ಬಲಗೈ ಮೇಲೆ ಹಾಕಿ ಫೋನಿನ ಮುಂದೆ ಚಾಚಿದ. ಅತ್ತ ಬಸಂತರಾಯನೂ ತನ್ನ ಕೈಗೆ ಟಾವೆಲ್ ಹೊದಿಸಿ ಚಾಚಿದ. ಎರಡು ಟಾವೆಲ್‌ಗಳು ಒಂದನ್ನೊಂದು ನೋಡುತ್ತ ನಿಂತವು.

"ಹಿಡೀರಿ ಸಾವ್ಕಾರ" ಅಂದ ಯಾಕೂಬಸಾಬ.

"ಹಿಡದೇನಿ."

"ಏನ ಹಿಡದೀರಿ?"

"ನನ್ನ ಕೈ ನಾನ ಹಿಡದೇನಿ. ನಿಂದು ಎಲ್ಲೈತಿ?"

"ಇಲ್ಲೆ ಮೋರಟಗ್ಯಾಗ ಐತಿ."

ನೀರು ತರುತ್ತಿದ್ದ ಸಿದ್ದೀಕಾ ಕೊಡ ಇಳಿಸಿ ಬಾಯಿಗೆ ಸೆರಗು ಒತ್ತಿಕೊಂಡಳು. ಇಬ್ಬರಿಗೂ ಸಿಟ್ಟು ಬಂತು.

"ಬಾಯಿಲೇ ಹೇಳಿಬಿಡು ಮಾರಾಯ. ಬಣವಿ ಹಿಂದ ಅದೇನಿ. ಇಲ್ಲೊಂದು ನಾಯಿ ಬಿಟ್ರ ಯಾರಿಲ್ಲ" ಅಂದ ಬಸಂತರಾಯ.

ಯಾಕೂಬಸಾಬ ಬಾಯಿ ತೆರೆದ. ಅಂಕಿ ನಾಲಿಗೆಯ ತುದಿವರೆಗೆ ಬಂತು, ಅಲ್ಲಿಂದ ಮುಂದೆ ಹೆಜ್ಜೆ ಇಡಲಿಲ್ಲ, ನೀರು ಕಂಡು ಹಟ ಹೂಡಿ ನಿಂತ ಎತ್ತಿನ ಹಾಗೆ. ಅಪ್ಪ ಗೋರಿಯಿಂದ ಎದ್ದು ಬಂದು ದವಡೆ ಹಿಡಿದಂತಾಯಿತು. ಬಾಯಿ ಮುಚ್ಚಿದ.

"ಆಗೂದಿಲ್ರಿ. ನನಗ ಬರೂದಿಲ್ಲ ಅದು."

"ಮತ್ತ ಐತವಾರತನಾ ನೋಡ್ತೇನಿ ನೋಡು. ಚೇತನಕುಮಾರಗ ಬಾಯಿ ಐತಿ." ಅಷ್ಟರಲ್ಲಿ ಅತ್ತ ಬಳೆಯ ಸದ್ದು ಕೇಳಿತು, ಫೋನು ಹೊಟ್ಟಿನೊಳಗೆ ಹೂತುಹೋಯಿತು.

ಸಿದ್ದೀಕಾಳಿಗೆ ಪಾಪ ಅನ್ನಿಸಿತು. "ಮಾವಾರ, ಫೋನಿನಾಗ ಕೈ ಅದಾವ ನೋಡ್ರಿ" ಎಂದು ಚಿತ್ರಗಳ ಪೆಟ್ಟಿಗೆ ತೆರೆದು ತೋರಿಸಿದಳು. ಮುಷ್ಟಿ ಇತ್ತು, ಒಂದು ಬೆರಳಿನ ಕೈ ಇತ್ತು, ಎರಡು ಬೆರಳಿನದು ಇತ್ತು, ಐದು ಬೆರಳಿನ ಪಂಜಾ ಇತ್ತು. ಯಾಕೂಬಸಾಬನ ಕಣ್ಣು ತುಂಬಿ ಬಂದವು. ಫೋನು ಕಟ್ಟಿದವನ ಕುಲದಲ್ಲೂ ಯಾರೋ ಒಬ್ಬ ದಲಾಲಿ ಇದ್ದಿರಬೇಕು ಎಂದುಕೊಂಡ. ಫೋನಿನ ಮೇಲೆ ಟಾವೆಲ್ ಮುಚ್ಚಿ, ತಾನೂ ಒಳಗೆ ತಲೆ ತೂರಿಸಿ, ಬೆವರುತ್ತ ಕೈಗಳನ್ನು ಆರಿಸಿದ. ಪಂಜಾ, ಒಂದು ಬೆರಳು, ಅರ್ಧಕ್ಕೆ ಮುಷ್ಟಿ. ಕಳಿಸಿದ.

ಉತ್ತರ ಗಳಿಗೆಯಲ್ಲಿ ಬಂತು. ಎರಡು ಕೈ ಜೋಡಿಸಿದ ನಮಸ್ಕಾರ, ಒಂದು ಗುಲಾಬಿ, ಒಂದು ದೀಪ. ಜೋಡಿಸಿದ ಕೈ ಅಂದರೆ ಹತ್ತು. ಭೀಮಶ್ಯಾ ಕೇಳಿದ್ದಕ್ಕಿಂತಲೂ ಹೆಚ್ಚು. ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಗಿರಾಕಿಯನ್ನು ಯಾಕೂಬಸಾಬ ಜನ್ಮದಲ್ಲಿ ಕಂಡಿರಲಿಲ್ಲ. ಗುಲಾಬಿಯ ಲೆಕ್ಕ ಮಾತ್ರ ಹತ್ತಲಿಲ್ಲ.

ಸಂಜೆ ಬಸಂತರಾಯ ಬೇರೆ ಯಾರದೋ ಫೋನಿನಿಂದ ಮಾತಾಡಿದ. "ಏನ ಕಳಸೀದೋ ಮಾರಾಯ? ನಮ್ಮಾಕಿ ಕೈಗೆ ಸಿಕ್ಕೇತಿ. ಯಾಕೂಬಣ್ಣ ಆಶೀರ್ವಾದ ಮಾಡ್ಯಾನ ಅಂತ ಕೈ ಮುಗದು ದೀಪ ಹಚ್ಚಿ ಕಳಸ್ಯಾಳ."

"ಆಶೀರ್ವಾದ ಅಲ್ರಿ, ದರ ಅದು."

"ದರ? ಆ ಬೆರಳ ಬಣ್ಣ ನೋಡೀಯೇನು? ಕಾಮಣಿ ರೋಗ ಆದವರ ಬೆರಳಿನಂಗ ಹಳದಿ ಅದಾವ. ಅಂಥಾ ಕೈ ನಾ ಹಿಡಿಯಾಂವ ಅಲ್ಲ. ನಾಳೆ ಶನಿವಾರ. ನಾನ ಆಲಮೇಲಕ್ಕ ಬರ್ತೇನಿ. ನಿನ್ನ ಖರೇ ಕೈ ತಗೊಂಡು ಬಾ."

ಹೀಗೆ, ದೂರವೆಲ್ಲ ಹತ್ತಿರ ಮಾಡುವ ಫೋನು ಕೈಗೆ ಬಂದ ಮೇಲೆ ಇಬ್ಬರು ಮುದುಕರು ಎರಡು ದಿಕ್ಕಿನಿಂದ ಬಸ್ಸು ಹತ್ತಿದರು. ಆಲಮೇಲ ಸಿದ್ದೀಕಾಳ ತವರು, ತಾಯಿಯನ್ನು ನೋಡಿದಂತಾಗುತ್ತದೆಂದು ಅವಳೂ ಮಾವನ ಸಂಗಡ ಬಂದಳು. ಬಸಂತರಾಯ ಸಿಂದಗಿಯಲ್ಲಿ ಬಸ್ಸು ಬದಲಿಸಿ, ಸೀಟು ಸಿಗದೆ ನಿಂತು ಬಂದವನು, ಇಳಿದವನೇ ಎತ್ತುಗಳ ಕಡೆ ಹೋದ. ಬೆನ್ನು ಸವರಿದ, ಬಾಲ ಎತ್ತಿದ, ಸುಳಿ ಹುಡುಕಿದ, ತನ್ನ ಕೈಯಿಂದಲೇ ಬಾಯಿ ಅಗಲಿಸಿ ಹಲ್ಲು ನೋಡಿದ. ಹಲ್ಲು ಹಳದಿಯಾಗಿದ್ದವು. ಸಮಾಧಾನವಾಯಿತು.

ಕೊಟ್ಟಿಗೆಯ ಮುಂದೆ ಯಾಕೂಬಸಾಬ ಟಾವೆಲ್ ಹಾಸಿದ. ಕೈ ಕೈಯನ್ನು ಹಿಡಿಯಿತು. ಇಷ್ಟು ದಿನ ಗಾಜು ತಿಕ್ಕಿ ತಿಕ್ಕಿ ಬೇಸತ್ತ ಬೆರಳುಗಳಿಗೆ ಬೆಚ್ಚಗಿನ, ಒರಟಾದ, ಜಿಪುಣ ಬೆರಳು ಸಿಕ್ಕು ಹಬ್ಬವಾಯಿತು.

ಮುಖದ ಮೇಲೆ ಹಬ್ಬವೇನೂ ಇರಲಿಲ್ಲ. ಯಾಕೂಬಸಾಬ ಭೀಮಶ್ಯಾನ ದರ ಹಿಡಿದ. ಬಸಂತರಾಯ ಅದನ್ನು ಕೊಡವಿ ಹೆಂಡತಿಯ ಗೆರೆ ಹಿಡಿದ. ಯಾಕೂಬಸಾಬ ಒಂದು ಬೆರಳು ಏರಿಸಿದ. ಬಸಂತರಾಯ ಅವನ ಕಿರುಬೆರಳು ಹಿಡಿದು ಹಿಂದಕ್ಕೆ ಮಣಿಸಿದ. ಯಾಕೂಬಸಾಬನ ಕಣ್ಣಲ್ಲಿ ನೀರು ಬಂತು, ಆದರೂ ಉಗುರು ಊರಿದ. ಟಾವೆಲ್ ಕೆಳಗೆ ಎರಡು ಹೋತಗಳು ಹಾಯುತ್ತಿದ್ದಂತೆ ಕಾಣುತ್ತಿತ್ತು. ಬಸಂತರಾಯ ಎತ್ತುಗಳ ಕಡೆ ಒಮ್ಮೆ ನೋಡಿದ. ದಲಾಲಿಗೆ ಅಷ್ಟು ಸಾಕು. ಇನ್ನೊಂದು ಬೆರಳು ಏರಿಸಿದ. ಬಸಂತರಾಯ ಹಲ್ಲು ಕಚ್ಚಿ, ಮೂಗು ಅರಳಿಸಿ, ಕಣ್ಣು ಮುಚ್ಚಿ, ಹಿಡಿದ ಬೆರಳನ್ನು ಬಿಡದೆ ಒಂದು ಸಲ ಜಗ್ಗಿದ. ಆಯಿತು ಅಂದ ಹಾಗೆ.

"ಸಿದ್ದೀಕಾ, ಇದೊಂದು ಹೊಡಿಯವ್ವ" ಅಂದ ಯಾಕೂಬಸಾಬ, ಮುಖದ ತುಂಬ ನಗುತ್ತ.

ಬಸಂತರಾಯ ಕಣ್ಣು ತೆರೆಯುವ ಮೊದಲೇ ಅವಳು ಹೊಡೆದಳು. ಫೋಟೊದಲ್ಲಿ ಟಾವೆಲ್ ನಡುವೆ ಇತ್ತು. ಕೈ ಕಾಣುತ್ತಿರಲಿಲ್ಲ, ಬೆರಳಿನ ಒಂದು ಉಗುರೂ ಕಾಣುತ್ತಿರಲಿಲ್ಲ. ಯಾಕೂಬಸಾಬ ಹಿಗ್ಗಿಸಿ ಹಿಗ್ಗಿಸಿ ನೋಡಿ ಖಾತ್ರಿ ಮಾಡಿಕೊಂಡ. ದರ ಭದ್ರವಾಗಿತ್ತು. ಬಸ್ಸಿನಲ್ಲಿ ಕೂತು, ಹೊಸದಾಗಿ ಕಲಿತಿದ್ದ ವಿದ್ಯೆಯಿಂದ ಅದನ್ನು ಸ್ಟೇಟಸ್ಸಿಗೆ ಏರಿಸಿದ. ಚೇತನಕುಮಾರ ನೋಡಲಿ ಎಂಬುದೇ ಮನಸ್ಸಿನಲ್ಲಿದ್ದದ್ದು. ಅಂಕಿ ಬರೆಯದೆಯೂ ಎತ್ತು ಹೋಗುತ್ತವೆ ಎಂದು ತಿಳಿಯಲಿ.

ಚೇತನಕುಮಾರ ನೋಡಿದ. ಅವನಿಗೆ ಅಲ್ಲಿ ವ್ಯಾಪಾರ ಕಾಣಲೇ ಇಲ್ಲ. ಟೋಪಿ ಹಾಕಿದ ಒಬ್ಬ ಮುದುಕ, ವಿಭೂತಿ ಹಚ್ಚಿದ ಒಬ್ಬ ಮುದುಕ, ಒಂದೇ ಟಾವೆಲ್ಲಿನ ಕೆಳಗೆ ಕೈ ಹಿಡಿದು ನಿಂತಿದ್ದಾರೆ. ಒಬ್ಬ ನಗುತ್ತಿದ್ದಾನೆ, ಇನ್ನೊಬ್ಬ ಭಾವ ತುಂಬಿ ಕಣ್ಣು ಮುಚ್ಚಿದ್ದಾನೆ. ಚೇತನಕುಮಾರ ಕೆಳಗೆ 'ಜಾತಿ ಮರೆತ ಗೆಳೆತನ, ಬಿಡದಿರಲಿ ಈ ಕೈ' ಎಂದು ಬರೆದು ತನ್ನ ಗುಂಪಿಗೆ ಬಿಟ್ಟ. ಅಲ್ಲಿಂದ ಅದು ಇಂಡಿಗೆ ಹೋಯಿತು, ಮುದ್ದೇಬಿಹಾಳಕ್ಕೆ ಹೋಯಿತು, ಯಾರೋ ಸುತ್ತ ಹೂಬಳ್ಳಿ ಹಚ್ಚಿದರು. ಐತವಾರ ಬೆಳಗ್ಗೆ ಯಾಕೂಬಸಾಬ ಫೋನು ತೆರೆದರೆ ಅವನ ಫೋಟೊ ಅವನಿಗೇ ಶುಭೋದಯ ಹೇಳಿತು.

"ಎಂಥಾ ದೋಸ್ತಿ ನೋಡು" ಅಂದಳು ಸುಗ್ರಾ, ಬಾತಿದ್ದ ಕಿರುಬೆರಳಿಗೆ ಅರಿಷಿಣ ಹಚ್ಚುತ್ತ. "ಬೆರಳೊಂದು ಮುರೀಲಿಲ್ಲ."

ಅವಳ ಮಾತು ಮುಗಿದಿರಲಿಲ್ಲ, ಫೋನು ಕುಣಿಯಿತು. ಗೊಳಸಂಗಿ. ಸುಮಿತ್ರಾಬಾಯಿ.

"ಯಾಕೂಬಣ್ಣ, ಆರಾಮ? ಎತ್ತು ಬಂದ್ವು. ಛಲೋ ಅದಾವ. ಇವರನ್ನ ಕೇಳಿದ್ರ ನಾ ಹಾಕಿದ ಗೆರಿಗಿಂತ ಕಡಿಮಿಗೇ ತಂದೇನಿ ಅಂತಾರ."

"ಸಾವ್ಕಾರ್ರು ಹೇಳಿದ್ರಂದ್ರ ಮುಗೀತಲ್ರಿ ವೈನಿ."

"ಮುಗೀಲಿಲ್ಲ. ಎಲ್ಲಾರೂ ಟಾವೆಲ್ ನೋಡ್ಯಾರ, ನಾ ಇವರ ಮಾರಿ ನೋಡೇನಿ. ಆ ಮೂಗು ಅರಳಿಸಿ ಹಲ್ಲು ಕಚ್ಚಿದ ಮಾರಿ ನಾ ಒಮ್ಮೆ ಕಂಡೇನಿ, ಬೋರ್ ಹೊಡಿಸಿ ನೀರು ಬೀಳದ ದಿವಸ. ನನ್ನ ಗೆರಿ ಮ್ಯಾಲ ಎರಡು ಬೆರಳು ಹೋಗ್ಯಾರ. ಹೌದಿಲ್ಲೋ?"

ಕರೆಕ್ಟು ಎರಡು. ಹಿಂದಿನಿಂದ ಬಸಂತರಾಯನ ದನಿ ಸ್ಪೀಕರಿನಲ್ಲಿ ಕೇಳಿತು. "ಸಾಬ, ಏನೂ ಹೇಳಬ್ಯಾಡ."

ಹೇಳುವ ಪ್ರಶ್ನೆಯೇ ಇರಲಿಲ್ಲ. ಆದರೆ ಗಿರಾಕಿಯ ಹೆಂಡತಿ, ಸುಳ್ಳು ಹೇಳುವಂತೆಯೂ ಇಲ್ಲ. ಆಗ ಅವನಿಗೆ ಹೊಸ ಫೋನಿನ ಅತಿ ದೊಡ್ಡ ಸವಲತ್ತು ನೆನಪಾಯಿತು.

"ಹಲೋ... ಹಲೋ ವೈನಿ... ಆವಾಜ್ ಬರವಲ್ದು... ರೇಂಜ್ ಇಲ್ರಿ ಇಲ್ಲೆ..."

ಕರೆ ಕತ್ತರಿಸಿದ. ಬೆವರು ಒರೆಸಿದ. ಇಂಥ ಅನುಕೂಲ ಸಂತೆಯಲ್ಲಿ ಇರಲಿಲ್ಲ. ಅಲ್ಲಿ ಯಾರಾದರೂ ಕೇಳಿದರೆ ಎತ್ತಿನ ಗೊರಸು ನೋಡುತ್ತ ನಿಲ್ಲಬೇಕಾಗುತ್ತಿತ್ತು. ಫೋನು ಜೇಬಿಗೆ ಇಳಿಸುವಷ್ಟರಲ್ಲಿ ಮತ್ತೆ ಕುಣಿಯಿತು. ಈ ಸಲ ವಿಡಿಯೊ. ಬೆರಳು ತಾಗಿ ಅದು ತೆರೆದೇಬಿಟ್ಟಿತು. ಸುಮಿತ್ರಾಬಾಯಿಯ ಮುಖ ಪರದೆ ತುಂಬ ಬಂದು ನಿಂತಿತು.

"ಆವಾಜ್ ಬ್ಯಾಡ. ಮಾತಾಡಬ್ಯಾಡ್ರಿ ನೀವು. ಮಾರಿ ಅಷ್ಟು ತೋರಸ್ರಿ. ನಾ ಎರಡು ಬೆರಳು ಅಂತೇನಿ, ನೋಡ್ತೇನಿ."

ಬಾಯಿಗೆ ಬೀಗ ಹಾಕಲು ಅಪ್ಪ ಕಲಿಸಿದ್ದ. ಮುಖಕ್ಕೆ ಹಾಕುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಯಾಕೂಬಸಾಬ ಹೆಗಲಿನಿಂದ ಟಾವೆಲ್ ಎಳೆದು ಫೋನಿನ ಮೇಲೆ ಹಾಕಿಬಿಟ್ಟ.

"ವೈನಿ, ಇಲ್ಲೆ ಕರೆಂಟ್ ಹೋಗೇತ್ರಿ. ಕತ್ತಲ ಆಗೇತಿ."

"ಬೆಳಗಾಗಿ ಇನ್ನ ಛಾ ಕುಡದಿಲ್ಲ ಯಾರೂ, ಕತ್ತಲ ಎಲ್ಲಿಂದ ಬಂತು?" ಟಾವೆಲ್ ಕೆಳಗಿನಿಂದ ಸುಮಿತ್ರಾಬಾಯಿಯ ದನಿ ಬಂತು. "ನನಗ ಕೆಂಪಂಚಿನ ಟಾವೆಲ್ ಕಾಣಾಕತ್ತೇತಿ. ಟಾವೆಲ್ ಮುಚ್ಚೀರಿ ಅಂದ್ರ ದರ ಖರೇನ."

ಸುಗ್ರಾ ಅರಿಷಿಣದ ಬಟ್ಟಲು ಹಿಡಿದು ಅತ್ತ ತಿರುಗಿ ನಿಂತಳು. ಅವಳ ಭುಜ ಕುಣಿಯುತ್ತಿತ್ತು. ಯಾಕೂಬಸಾಬ ಟಾವೆಲ್ ಎತ್ತಲಿಲ್ಲ. ಗಿರಾಕಿ ಹೋಯಿತು, ಗೊಳಸಂಗಿ ಹೋಯಿತು ಎಂದುಕೊಂಡು ಕೂತ.

"ಕೇಳಾಕತ್ತೀರೇನು? ಈ ಎತ್ತಿಗೆ ಎರಡು ಬೆರಳು ತುಟ್ಟಿ ಅಲ್ಲ, ನನಗೂ ತಿಳೀತೈತಿ. ಆದ್ರ ಮುಂದಿನ ಸಲ ಆಕಳ ಕೊಳ್ಳೂದೈತಿ. ಇವರನ್ನ ಮನ್ಯಾಗ ಕಟ್ಟಿ ಹಾಕಿ ನಾನ ಬರ್ತೇನಿ. ನಿಮ್ಮ ಕೈ ನಾ ಹಿಡಿಯೂದಿಲ್ಲ ಮತ್ತ. ಸುಗ್ರಾವ್ವನ್ನ ಕರ್ಕೊಂಡು ಬರ್ರಿ, ನಮ್ಮಿಬ್ಬರಿಗೂ ಒಂದು ಟಾವೆಲ್ ತರ್ರಿ."